ಎರ್ಮಾಳ್ ಆಸುಪಾಸಿನ ಊರ ತರಕಾರಿ, ಊರ ಕೋಳಿ

ಕಾಪು ತಾಲೂಕಿನ ಎರ್ಮಾಳ್‌ನಿಂದ ಮಟ್ಟುವಿನವರೆಗಿನ ಕರಾವಳಿಯಲ್ಲಿ ತರಕಾರಿ ಬೇಸಾಯ ಭತ್ತದ ಬೆನ್ನಿಗೇ ಬರುತ್ತದೆ. ಮಳೆಗಾಲದ ಭತ್ತವಾದ ಏಣೆಲು ಬೆಳೆಯ ಕೊಯ್ಲು ಮುಗಿದು ಗದ್ದೆ ಆರುತ್ತಿದ್ದಂತೆ ಅದೇ ಮಣ್ಣಿನಲ್ಲಿ ಸಾಲು ತೆಗೆದು ಅಲಸಂಡೆ, ಬೆಂಡೆ, ಹರಿವೆ, ಸೌತೆ, ಕುಂಬಳ ಹಾಕುತ್ತಾರೆ. ಹಿಡುವಳಿಗಳು ಚಿಕ್ಕವು. ಹಟ್ಟಿಗೊಬ್ಬರ, ಸುಡುಮಣ್ಣು, ಬಾವಿನೀರೇ ಮುಖ್ಯ ಆಧಾರ. ಮನೆಗೆ ಬೇಕಾದಷ್ಟು ಉಳಿಸಿಕೊಂಡು ಮಿಕ್ಕಿದ್ದನ್ನು ಅಂಗಳದಲ್ಲೋ ಹೆದ್ದಾರಿ ಬದಿಯಲ್ಲೋ ಸಂತೆಯಲ್ಲೋ ಬೆಳೆದವರೇ ಮಾರುತ್ತಾರೆ. ಘಟ್ಟದ ತರಕಾರಿ ವರ್ಷವಿಡೀ ಸಿಗುತ್ತದೆ. ಊರ ತರಕಾರಿಗೆ ಅದರದ್ದೇ ಕಾಲವಿದೆ, ರುಚಿಯೂ ಆ ಕಾಲದ್ದೇ.

ಇವುಗಳಲ್ಲಿ ಹೆಸರಾದದ್ದು ಮಟ್ಟುಗುಳ್ಳ. ಕಟಪಾಡಿಯ ಪಡುವಣಕ್ಕೆ, ಹೊಳೆ ಮತ್ತು ಕಡಲಿನ ನಡುವಿನ ಮಟ್ಟು ಗ್ರಾಮದ ಮರಳುಮಿಶ್ರಿತ ಮಣ್ಣಿನಲ್ಲಿ ಬೆಳೆಯುವ ಈ ದುಂಡು ಬದನೆಯ ಬಣ್ಣ ತಿಳಿಹಸಿರು, ಸಿಪ್ಪೆ ತೆಳು, ತೊಟ್ಟಿನಲ್ಲಿ ಮುಳ್ಳು. ಕಹಿಯಿಲ್ಲದ ಇದರ ತಿರುಳು ಹುಳಿಯಲ್ಲಿ ಬೇಗ ಬೇಯುತ್ತದೆ. 16ನೇ ಶತಮಾನದ ಯತಿ, ಸೋದೆ ಮಠದ ವಾದಿರಾಜರು ಬೀಜ ಕೊಟ್ಟರೆಂಬುದು ಊರಿನ ನಂಬಿಕೆ. ಉಡುಪಿಯ ಪರ್ಯಾಯಕ್ಕೆ ಹೋಗುವ ಹೊರೆಕಾಣಿಕೆಯಲ್ಲಿ ಗುಳ್ಳಕ್ಕೆ ಗೌರವದ ಸ್ಥಾನ. ಕುಲಾಂತರಿ ಬಿಟಿ ಬದನೆಗಾಗಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಆರಿಸಿಕೊಂಡ ತಳಿಗಳಲ್ಲಿ ಉಡುಪಿ ಗುಳ್ಳವೆಂದೂ ಕರೆಯುವ ಈ ಬದನೆಯೂ ಇತ್ತು. 2010ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ಬಿಟಿ ಬದನೆಗೆ ತಡೆ ಹಾಕಿದಾಗ ಈ ತಳಿಯ ಬಗ್ಗೆ ಇದ್ದ ಆತಂಕ ತಗ್ಗಿತು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆಯಿತು. ಬೇರೆ ಕಡೆಯ ಬದನೆ ಇದೇ ಹೆಸರಲ್ಲಿ ಮಾರಾಟವಾಗುವುದನ್ನು ತಡೆಯಲು ಬೆಳೆಗಾರರು ಸಂಘ ಕಟ್ಟಿಕೊಂಡು, ಕಾಯಿಗಳನ್ನು ವಿಂಗಡಿಸಿ ಸ್ಟಿಕ್ಕರ್ ಹಚ್ಚಿ ಕಳುಹಿಸುವ ಕ್ರಮ ತಂದರು. ಸಣ್ಣ ರೈತರು ತಮ್ಮ ಬೆಳೆಯ ಹೆಸರನ್ನು ತಾವೇ ಕಾದುಕೊಂಡ ಇಂಥ ಉದಾಹರಣೆ ಕರಾವಳಿಯಲ್ಲಿ ಹೆಚ್ಚಿಲ್ಲ.

ಬೇಸಿಗೆಯ ಕೊನೆಗೆ ಬಣ್ಣದ ಸೌತೆಯ ಸರದಿ. ಬಲಿತ ಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಪಕ್ಕಾಸಿಗೆ ತೂಗುಹಾಕಿದರೆ ಮಳೆಗಾಲಕ್ಕೂ ಉಳಿಯುತ್ತವೆ. ಹಾಗಾಗಿ ಹಳೆಯ ಗಿರಾಕಿಗಳು ಇದನ್ನು ಒಂದೆರಡಲ್ಲ, ಗೋಣಿ ತುಂಬ ಕೊಳ್ಳುತ್ತಾರೆ. ಮಳೆಯ ನಡುವೆ ಕೆಸು, ಕಣಿಲೆ. ಅಷ್ಟಮಿ, ಚೌತಿಯ ಹೊತ್ತಿಗೆ ಮುಳ್ಳುಸೌತೆ, ಹೀರೆ.

ಮಾಂಸದಲ್ಲಿ ಮೊದಲ ಬೇಡಿಕೆ ಊರ ಕೋಳಿಗೆ. ಬ್ರಾಯ್ಲರ್ ಕೋಳಿ ಆರೇಳು ವಾರಗಳಲ್ಲಿ ಮಾರಾಟಕ್ಕೆ ಸಿದ್ಧ. ಅಂಗಳ, ತೋಟದಲ್ಲಿ ಕೆದಕಿ ತಿಂದು ಬೆಳೆಯುವ ಊರ ಕೋಳಿಗೆ ಐದಾರು ತಿಂಗಳು ಬೇಕು. ಮುಂಗುಸಿ, ಹದ್ದಿನ ಕಾಟ ಬೇರೆ. ದರ ಹೆಚ್ಚಿರುವುದು ಇದರಿಂದ, ಅದು ನ್ಯಾಯವೂ ಹೌದು. ಜೀವಂತ ತೂಗಿಯೇ ವ್ಯವಹಾರ. ದೈವಗಳ ಕೋಲ, ತಂಬಿಲದ ದಿನಗಳಲ್ಲಿ, ನೆಂಟರಿಗೆ ಕೋರಿರೊಟ್ಟಿ ಮಾಡುವ ಮನೆಗಳಲ್ಲಿ ಇದೇ ಆಗಬೇಕು. ನವರಾತ್ರಿಯಲ್ಲಿ ಕೇಳುವವರು ಕಡಿಮೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿ ಹಿತ್ತಿಲ ಸಾಕಣೆಗೆ ಒಗ್ಗುತ್ತದೆ, ಬೇಗ ತೂಕ ಬರುತ್ತದೆ. ಆದರೆ ಹಳೆಯ ಗಿರಾಕಿಗಳ ಒಲವು ನಾಟಿಯ ಕಡೆಗೇ. ಶಿರ್ವದಂಥ ಕ್ರೈಸ್ತರು ಹೆಚ್ಚಿರುವ ಊರುಗಳಲ್ಲಿ ಕ್ರಿಸ್‌ಮಸ್, ಮದುವೆಗಳಿಗೆ ಹಂದಿಮಾಂಸವನ್ನೂ ಮುಂಚಿತವಾಗಿ ಹೇಳಿಡುತ್ತಾರೆ.

ಈ ಮಾರಾಟಕ್ಕೆ ಬೋರ್ಡು, ಜಾಹೀರಾತು ಅಪರೂಪ, ಪರಿಚಯವೇ ದಾರಿ. ಗುಳ್ಳ ಬೇಕಾದವರು ಚಳಿಗಾಲದಿಂದ ಬೇಸಿಗೆಯೊಳಗೆ ಮಟ್ಟುವಿಗೇ ಹೋಗಿ ಬೆಳೆದವರ ಕೈಯಿಂದ ಕೊಳ್ಳಲಿ. ಊರ ಕೋಳಿಗೆ ಕೆಲವು ದಿನ ಮುಂಚೆಯೇ ಹೇಳಿಡಬೇಕು.