ಸ್ಟಿಯರಿಂಗ್ ಬಡೀತದ್ರೀ!

ಯಾದಗಿರಿಯಿಂದ ಶಹಾಪುರಕ್ಕೆ ಹೊರಟ ಹಳೇ ಮಾರುತಿ, ಭೀಮಾ ಸೇತುವೆ ದಾಟುವ ತನಕ ಬಾಯಿ ಬಿಡುವುದಿಲ್ಲ. ಆಮೇಲೆ ಶುರುವಾಗುತ್ತದೆ ನೋಡಿ, ಕಾಲ ಬುಡದಲ್ಲಿ 'ಕಟ ಕಟ' ಸದ್ದು. ಮುಂದಿನ ಗಾಲಿ ತಗ್ಗಿಗೆ ಇಳಿದಾಗೊಮ್ಮೆ ಕೈಗೂ ಸಣ್ಣ ಏಟು. ಮಾಲೀಕ ಗ್ಯಾರೇಜಿಗೆ ಬಂದು ಹೇಳುವುದು ಒಂದೇ ಮಾತು: "ಸ್ಟಿಯರಿಂಗ್ ಬಡೀತದ್ರೀ."

ಸಾಮಾನ್ಯವಾಗಿ ಇದಕ್ಕೆ ಉತ್ತರ ಎರಡು. "ಟೈಟ್ ಮಾಡಿ ಕೊಡ್ತೀವಿ ತಗೋರಿ" ಅನ್ನುವುದು ಒಂದು. "ರ‍್ಯಾಕೇ ಹೋಗ್ಯದ, ಹೊಸಾದು ಹಾಕಬೇಕು" ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಜೀವಕ್ಕೆ ಅಪಾಯ, ಎರಡನೆಯದರಲ್ಲಿ ಎಷ್ಟೋ ಸಲ ಜೇಬಿಗೆ ದಂಡ. ಕೆಟ್ಟದ್ದು ಯಾವುದು ಎಂದು ಗಾಡಿ ಕೆಳಗೆ ಮಲಗಿ ನೋಡಿದವರು ಮಾತ್ರ ಸರಿಯಾದ ಉತ್ತರ ಕೊಟ್ಟಾರು.

ರ‍್ಯಾಕ್ ಎಂದರೆ ಮಹಾಯಂತ್ರವೇನಲ್ಲ. ಒಂದು ಉದ್ದನೆಯ ಕೊಳವೆ, ಅದರೊಳಗೆ ಒಂದು ಮಗ್ಗುಲಿಗೆ ಹಲ್ಲು ಕೊರೆದ ಉಕ್ಕಿನ ಸಲಾಕೆ. ಆ ಹಲ್ಲಿಗೆ ಕಚ್ಚಿಕೊಂಡ ಪುಟ್ಟ ಹಲ್ಲುಚಕ್ರವೇ ಪಿನಿಯನ್. ಡ್ರೈವರ್ ಸ್ಟಿಯರಿಂಗ್ ತಿರುಗಿಸಿದರೆ ಪಿನಿಯನ್ ತಿರುಗುತ್ತದೆ, ಸಲಾಕೆ ಎಡಕ್ಕೋ ಬಲಕ್ಕೋ ಸರಿಯುತ್ತದೆ, ತುದಿಯ ಟೈ-ರಾಡುಗಳು ಗಾಲಿಯನ್ನು ತಿರುಗಿಸುತ್ತವೆ. 1983ರ ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಮೊದಲ ಗಿರಾಕಿಯ ಕೈ ಸೇರಿದ ಮಾರುತಿ 800ಕ್ಕೂ ಇದೇ ಏರ್ಪಾಡು, ಸಾಹೇಬರ ಸವಾರಿಯ ಅಂಬಾಸಡರಿಗೂ ಇದೇ. ಫಿಯಟ್ ಪದ್ಮಿನಿಯದು ಮಾತ್ರ ಬೇರೆ ಜಾತಿ. ಅದಕ್ಕಿದ್ದದ್ದು ವರ್ಮ್ ಗೇರಿನ ಪೆಟ್ಟಿಗೆ. ಮಾರುತಿ 800, ಅಂಬಾಸಡರ್ ಎರಡರ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ತಯಾರಿಕೆ ನಿಂತಿತು ಅಂತ ಓಡಾಟ ನಿಲ್ಲುತ್ತದೆಯೇ?

ಈ ಸೀಮೆಯ ನೆಲವೂ ರ‍್ಯಾಕಿಗೆ ಶತ್ರು. ಎರೆಮಣ್ಣು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಡಾಂಬರು ಅದರ ಜೊತೆಗೇ ಎದ್ದು ಬಿದ್ದು ಅಲೆ ಅಲೆಯಾಗುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರದ ಕಡೆ ಭತ್ತ ಬಂತು. ಗದ್ದೆಯಿಂದೆದ್ದ ಟ್ರ್ಯಾಕ್ಟರು ರಸ್ತೆಗೆ ಕೆಸರನ್ನೂ ತಂದಿತು. ತಗ್ಗು ಕೊಡುವುದು ಏಟು ಮಾತ್ರ. ರ‍್ಯಾಕನ್ನು ಒಳಗಿನಿಂದ ತಿನ್ನುವುದು ಈ ಕೆಸರು, ಅದು ಒಣಗಿದ ಮೇಲಿನ ದೂಳು.

ಅದು ಒಳಗೆ ಹೋಗಬಾರದೆಂದೇ ಕೊಳವೆಯ ಎರಡೂ ತುದಿಗೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ತೊಡಿಸಿರುತ್ತಾರೆ. ಇಲ್ಲಿಯ ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ ಮಡಿಕೆಯಲ್ಲೇ ಸೀಳುತ್ತದೆ. ಸೀಳಿದ ಸುದ್ದಿ ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಅಂದು ಗಾಡಿ ಚೆನ್ನಾಗೇ ಓಡುತ್ತದೆ. ಸಂದಿನಲ್ಲಿ ನುಗ್ಗಿದ ನೀರು ಸಲಾಕೆಗೆ ತುಕ್ಕು ಹಿಡಿಸುತ್ತದೆ. ದೂಳು ಗ್ರೀಸಿನೊಡನೆ ಕಲೆತು ಸಾಣೆಹಿಟ್ಟಾಗಿ, ಗಾಡಿ ತಿರುಗಿದಾಗಲೆಲ್ಲ ಬುಷ್ಷನ್ನೂ ಬಾಲ್ ಜಾಯಿಂಟನ್ನೂ ಅರೆಯುತ್ತದೆ. ರ‍್ಯಾಕಿನ ಬೆಲೆಯ ಮುಂದೆ ಬೂಟಿನ ಬೆಲೆ ಚಿಲ್ಲರೆ. ಸರ್ವಿಸಿಗೆ ಬಿಟ್ಟಾಗ ಆಯಿಲ್ ಬದಲಿಸಿದರೋ ಇಲ್ಲವೋ ಅಂತ ನಾಲ್ಕು ಸಲ ಕೇಳುವವರು ಬೂಟಿನ ಬಗ್ಗೆ ಒಂದು ಸಲವೂ ಕೇಳುವುದಿಲ್ಲ!

ಪರೀಕ್ಷೆಗೆ ದೊಡ್ಡ ವಿದ್ಯೆ ಬೇಡ. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನೇರವಾಗಿ ನಿಲ್ಲಿಸಿ, ಸ್ಟಿಯರಿಂಗನ್ನು ಮೆಲ್ಲಗೆ ಆಚೀಚೆ ಆಡಿಸಬೇಕು. ಮುಂದಿನ ಗಾಲಿ ಮಿಸುಕುವ ಮುಂಚೆ ಕೈ ಎಷ್ಟು ಖಾಲಿ ಹೋಗುತ್ತದೆ ಎಂಬುದೇ ಲೆಕ್ಕ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದಂತೆ ಈ ಖಾಲಿ ಆಟ 30 ಡಿಗ್ರಿ ಮೀರಬಾರದು. ಅಂದರೆ ಗಡಿಯಾರದಲ್ಲಿ 12ರಿಂದ 1ರವರೆಗಿನಷ್ಟು. ಅದು ಕಾಯಿದೆಯ ಕಡೇ ಗಡಿ. ಸುಸ್ಥಿತಿಯ ರ‍್ಯಾಕಿನಲ್ಲಿ ಅಷ್ಟು ಸಡಿಲ ಇರುವುದೇ ಇಲ್ಲ. ಬಾಲ್ ಜಾಯಿಂಟಿಗೆ ರಬ್ಬರ್ ಟೋಪಿ ಇರಲೇಬೇಕೆಂದೂ ಅದೇ ನಿಯಮ ಹೇಳುತ್ತದೆ.

ಇನ್ನು ಗಾಡಿಯನ್ನು ಜಾಕ್ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು (ಬರೀ ಜಾಕ್ ನಂಬಿ ಕೆಳಗೆ ನುಸುಳಬಾರದು) ಗಾಲಿಯನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಿಸಬೇಕು. ಆಡಿದರೆ ಟೈ-ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್ ಸವೆದಿದೆ. 12 ಮತ್ತು 6ರಲ್ಲಿ ಹಿಡಿದಾಗ ಆಡಿದರೆ ದೋಷ ವೀಲ್ ಬೇರಿಂಗಿನದೋ ಕೆಳಗಿನ ಬಾಲ್ ಜಾಯಿಂಟಿನದೋ, ರ‍್ಯಾಕಿನ ತಪ್ಪಿಲ್ಲ. ಸ್ಟಿಯರಿಂಗ್ ತಿರುಗಿಸಿದಾಗ ಇಡೀ ಕೊಳವೆಯೇ ಸರಿದಾಡಿದರೆ, ಅದನ್ನು ಬಿಗಿಹಿಡಿದ ಕ್ಲಾಂಪಿನ ರಬ್ಬರ್ ಸತ್ತಿದೆ. ಕೊಳವೆಯ ಪಿನಿಯನ್ ಇಲ್ಲದ ತುದಿಯಲ್ಲಿ ಸಲಾಕೆ ಮೇಲೆ ಕೆಳಗೆ ಕುಣಿದರೆ ಬುಷ್ ಹೋಗಿದೆ. ಇವ್ಯಾವುದಕ್ಕೂ ಹೊಸ ರ‍್ಯಾಕ್ ಬೇಕಿಲ್ಲ.

ಈಗ 'ಟೈಟ್ ಮಾಡುವ' ವಿಷಯ. ಪಿನಿಯನ್ ಇರುವಲ್ಲಿ, ಸಲಾಕೆಯ ಬೆನ್ನಿಗೆ ಒಂದು ಸ್ಪ್ರಿಂಗ್, ಅದನ್ನು ಒತ್ತುವ ಒಂದು ಅಡ್ಜಸ್ಟರ್ ಇರುತ್ತದೆ. ತಿರುವಿದರೆ ಸದ್ದು ನಿಲ್ಲುತ್ತದೆ, ಗಿರಾಕಿ ಖುಷಿ. ಆದರೆ ಗಾಡಿ ಬಹುಪಾಲು ನೇರ ಓಡುವುದರಿಂದ ಹಲ್ಲು ಸವೆಯುವುದು ನಡುಮಧ್ಯದಲ್ಲಿ. ಅಂಚಿನ ಹಲ್ಲು ಹೊಸದರಂತೆಯೇ ಇರುತ್ತದೆ. ನಡುವಿನ ಸಡಿಲಕ್ಕೆ ಸರಿಯಾಗಿ ಬಿಗಿದರೆ ಅಂಚಿಗೆ ಹೋದಾಗ ಕಚ್ಚಿ ಹಿಡಿಯುತ್ತದೆ. ಸುರಪುರದ ಗುಡ್ಡದ ತಿರುವಿನಲ್ಲಿ ತಿರುಗಿಸಿದ ಸ್ಟಿಯರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಎದುರಿಗೆ ಲಾರಿ ಬಂದಾಗ ಇದರ ಅರ್ಥ ಡ್ರೈವರಿಗೆ ತಿಳಿಯುತ್ತದೆ.

ಇದಕ್ಕಿಂತ ಘೋರವಾದದ್ದು ವೆಲ್ಡಿಂಗ್. ಬಾಗಿದ ಟೈ-ರಾಡನ್ನು ಕಾಸಿ ಬಡಿದು ನೆಟ್ಟಗೆ ಮಾಡುವುದು, ಸವೆದ ಬಾಲಿಗೆ ಬೆಸುಗೆ ತಾಗಿಸುವುದು ಕೈಚಳಕ ಎನ್ನಿಸಿಕೊಳ್ಳಬಹುದು. ಬೆಂಕಿ ತಾಗಿದ ಉಕ್ಕಿನ ಹದ ಕೆಡುತ್ತದೆ. ಅದು ಮುರಿಯುವ ಮುನ್ನ ಚೀಟಿ ಕಳಿಸುವುದಿಲ್ಲ. ಸಂಕ್ರಾಂತಿಗೆ ಮೈಲಾಪುರದ ಜಾತ್ರೆಗೆ ಒಂದೇ ಗಾಡಿಯಲ್ಲಿ ಮನೆಮಂದಿಯೆಲ್ಲ ತುಂಬಿಕೊಂಡು ಹೊರಡುವವರು ಇದನ್ನು ನೆನಪಿಡಬೇಕು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಹಿಂದಿನ ಸಂಜೆ ಅಡ್ಜಸ್ಟರ್ ಬಿಗಿಸಿಕೊಂಡು ಬೆಳಿಗ್ಗೆ ಪಾಸಾದವರು ಮೋಸ ಮಾಡಿದ್ದು ಇನ್‌ಸ್ಪೆಕ್ಟರಿಗಲ್ಲ, ಹಿಂದಿನ ಸೀಟಿನಲ್ಲಿ ಕೂತ ತಮ್ಮ ಹೆಂಡಿರು ಮಕ್ಕಳಿಗೆ.

ಹಾಗಾದರೆ ರ‍್ಯಾಕ್ ಯಾವಾಗ ಬದಲಿಸಬೇಕು? ಸಲಾಕೆ ಬಾಗಿದ್ದರೆ, ತುಕ್ಕಿಗೆ ಗುಳಿ ಬಿದ್ದಿದ್ದರೆ, ನಡುವಿನ ಹಲ್ಲು ಸವೆದು ಹೋಗಿದ್ದರೆ ಎರಡನೇ ಮಾತಿಲ್ಲ. ಪವರ್ ಸ್ಟಿಯರಿಂಗ್ ಗಾಡಿಯಲ್ಲಿ ಬೂಟ್ ಹಿಚುಕಿದರೆ ಎಣ್ಣೆ ಪಿಚಕ್ಕೆನ್ನುವುದುಂಟು. ಅದು ಒಳಗಿನ ಸೀಲ್ ಹೋದ ಗುರುತು, ಬೂಟ್ ಬದಲಿಸಿ ಪ್ರಯೋಜನವಿಲ್ಲ. ಕಾಸು ಉಳಿಸಲು ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ರ‍್ಯಾಕ್ ತರಿಸುವವರು ಅದನ್ನು ಕೈಯಲ್ಲಿ ಹಿಡಿದು ಪಿನಿಯನ್ನನ್ನು ತುದಿಯಿಂದ ತುದಿಗೆ ತಿರುಗಿಸಿ ನೋಡಲಿ. ನಡುವೆ ಸಡಿಲ, ಅಂಚಿಗೆ ಬಿಗಿ ಅನ್ನಿಸಿದರೆ ಅದು ಇನ್ನೊಬ್ಬರು ಬಿಸಾಕಿದ ತೊಂದರೆ.

ಬದಲಿಸುವ ಕೆಲಸದಲ್ಲಿ ಬಲಕ್ಕಿಂತ ಎಣಿಕೆ ಮುಖ್ಯ. ಮೊದಲು ಗಾಲಿ ನೇರವಿಟ್ಟು, ಸ್ಟಿಯರಿಂಗ್ ಶಾಫ್ಟು ಪಿನಿಯನ್ನಿಗೆ ಕೂಡುವಲ್ಲಿ ಬಣ್ಣದ ಗುರುತು ಹಾಕಬೇಕು. ಟೈ-ರಾಡ್ ಎಂಡನ್ನು ಗಾಲಿಯ ಕಡೆಯಿಂದ ಪುಲ್ಲರ್ ಹಾಕಿ ಬಿಡಿಸಬೇಕು. ಥ್ರೆಡ್ಡಿನ ಮೇಲೆಯೇ ಸುತ್ತಿಗೆ ಬಿಟ್ಟರೆ ಒಳ್ಳೆಯ ಎಂಡೂ ಕೆಟ್ಟಿತು. ಅದನ್ನು ರಾಡಿನಿಂದ ಕಳಚುವಾಗ ಎಷ್ಟು ಸುತ್ತಿಗೆ ಬಂತು ಎಂದು ಎಣಿಸಿ, ಅಷ್ಟೇ ಸುತ್ತು ಮರಳಿ ಏರಿಸಬೇಕು. ಹೊಸ ರ‍್ಯಾಕನ್ನು ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿ, ಒಟ್ಟು ಸುತ್ತಿನ ಅರ್ಧಕ್ಕೆ ತಂದು ನಿಲ್ಲಿಸಿದ ಮೇಲೆಯೇ ಶಾಫ್ಟ್ ಕೂಡಿಸಬೇಕು. ಇದನ್ನು ಬಿಟ್ಟರೆ ಗಾಡಿ ಎಡಕ್ಕೆ ಹೆಚ್ಚು, ಬಲಕ್ಕೆ ಕಡಿಮೆ ತಿರುಗುತ್ತದೆ, ಸ್ಟಿಯರಿಂಗ್ ಸೊಟ್ಟಗೆ ನಿಲ್ಲುತ್ತದೆ. ಕೆಲವರು ಆಗ ಸ್ಟಿಯರಿಂಗನ್ನೇ ಕಳಚಿ ನೆಟ್ಟಗೆ ಕೂಡಿಸಿ "ಆಯ್ತ್ ನೋಡ್ರಿ" ಅನ್ನುತ್ತಾರೆ. ಕಣ್ಣಿಗೆ ನೆಟ್ಟಗಾಯಿತು, ಕೆಳಗಿನ ಸೊಟ್ಟು ಹಾಗೇ ಉಳಿಯಿತು.

ಹಳೇ ಕಾಟರ್ ಪಿನ್ ಮತ್ತೆ ಹಾಕಬಾರದು, ಒಮ್ಮೆ ಬಾಗಿಸಿ ನೆಟ್ಟಗೆ ಮಾಡಿದ್ದು ಮುರಿಯುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ರ‍್ಯಾಕಿನಲ್ಲಿ ಉಳಿಸಿದ್ದನ್ನು ಟೈರು ತಿಂದೀತು. ಒಂದಷ್ಟು ದಿನ ಶಹಾಪುರ, ಸುರಪುರ ಅಂತ ಓಡಾಡಿದ ಮೇಲೆ ಮತ್ತೊಮ್ಮೆ ಗಾಡಿ ಕೆಳಗೆ ಬಗ್ಗಿ ಲಾಕ್‌ನಟ್, ಕ್ಲಾಂಪಿನ ಬೋಲ್ಟ್, ಬೂಟಿನ ಎರಡೂ ಕ್ಲಿಪ್ ಮುಟ್ಟಿ ನೋಡುವುದು ಒಳ್ಳೆಯದು.