ಡಿಫೆನ್ಸ್ ಎಕ್ಸ್‌ಪೋಗೆ ಹೋಗೋ ಮುಂಚೆ ಇಷ್ಟು ತಿಳ್ಕೊಂಡಿರಿ

ಸ್ವಾರಗೇಟ ಕಡೆ ರೂಮ್ ಮಾಡಿಕೊಂಡಿರೋ ನಮ್ಮ ಹುಡುಗರು ಆಗಾಗ ಕೇಳ್ತಾರೆ: "ಸರ್, ಬಂದೂಕು ಅಂದ್ರೆ ಭಾಳ ಆಸಕ್ತಿ. ಪ್ರದರ್ಶನಕ್ಕೆ ನಮ್ಮಂಥ ಸಾಫ್ಟ್‌ವೇರ್ ಮಂದೀನ ಒಳಗೆ ಬಿಡ್ತಾರಾ?"

ಬಿಡ್ತಾರೆ, ಆದ್ರೆ ದಿನ ನೋಡಿಕೊಂಡು ಹೋಗಬೇಕು. ಗಾಂಧಿನಗರದ ಡಿಫ್‌ಎಕ್ಸ್‌ಪೋ 2022ರಲ್ಲಿ ಅಕ್ಟೋಬರ್ 18ರಿಂದ 20 ವ್ಯಾಪಾರಿಗಳ ದಿನ. 21, 22 ಸಾರ್ವಜನಿಕರಿಗೆ. ನಮ್ಮ ಪುಣೆಯಲ್ಲೂ 2024ರ ಫೆಬ್ರವರಿಯಲ್ಲಿ ಮೋಶಿಯಲ್ಲಿ ಎಂಎಸ್‌ಎಂಇ ಡಿಫೆನ್ಸ್ ಎಕ್ಸ್‌ಪೋ ನಡೀತು. ಈಗ ಮೋಶಿಗೆ ಹೋಗೋದಾದ್ರೆ ಸ್ವಾರಗೇಟದಿಂದ ಪಿಂಪ್ರಿ-ಚಿಂಚವಾಡ ತನಕ ಮೆಟ್ರೊ ಇದೆ, ಮುಂದೆ ಬಸ್ಸು ಇಲ್ಲಾ ಆಟೋ. ಇನ್ನೊಂದು ಥರ ಅಂದ್ರೆ ಸೇನೆಯೇ ಮಾಡೋ ಮೇಳ. 2025ರ ಜನವರಿಯಲ್ಲಿ ಇಲ್ಲಿನ ರೇಸ್‌ಕೋರ್ಸ್‌ನಲ್ಲಿ ಆಯ್ತು, ಆ ವರ್ಷದ ಸೇನಾ ದಿನದ ಪರೇಡ್ ಪುಣೆಯಲ್ಲಿತ್ತಲ್ಲ, ಅದಕ್ಕೇ. ನಮ್ಮ ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಸೇನೆಯ ಚುಕ್ಕಾಣಿ ಹಿಡಿದ ನೆನಪಿಗೆ ಆಚರಿಸೋ ದಿನ ಅದು.

ಒಳಗೆ ಹೋದ್ಮೇಲೆ ಮೊದಲು ಬೋರ್ಡ್ ಓದೋದು ಬರಬೇಕು. "5.56×45" ಅಂತಿದ್ರೆ ಮೊದಲನೇದು ಗುಂಡಿನ ವ್ಯಾಸ, ಎರಡನೇದು ಅದರ ಹಿತ್ತಾಳೆ ಕೋಶದ ಉದ್ದ, ಎರಡೂ ಮಿಲಿಮೀಟರ್‌ನಲ್ಲಿ. ಫಿರಂಗಿಯಲ್ಲಿ ಲೆಕ್ಕ ಬೇರೆ. "155/52" ಅಂದ್ರೆ ನಳಿಕೆಯ ಉದ್ದ ವ್ಯಾಸದ 52 ಪಟ್ಟು. ಗುಣಿಸಿ ನೋಡಿ, ಸುಮಾರು 8 ಮೀಟರ್.

ಆಮೇಲೆ ಕೇಳಬೇಕಾದ ಪ್ರಶ್ನೆ. "ಎಷ್ಟು ದೂರ ಹೊಡೀತದೆ" ಅಂತ ಎಲ್ಲರೂ ಕೇಳ್ತಾರೆ. ನೀವು "ಎಷ್ಟು ಸಾವಿರ ಗುಂಡಿಗೊಮ್ಮೆ ಜಾಮ್ ಆಗ್ತದೆ? ಧೂಳಲ್ಲಿ, ಹಿಮದಲ್ಲಿ ಟೆಸ್ಟ್ ಹೇಗೆ ಮಾಡ್ತೀರಿ?" ಅಂತ ಕೇಳಿ. ನಮ್ಮ ಸರ್ವರ್ ಬಿದ್ರೆ ರಾತ್ರಿ ಫೋನ್ ಬರ್ತದೆ, ಅಷ್ಟೇ. ಇನ್ಸಾಸ್ ರೈಫಲ್ ವಿನ್ಯಾಸ ಆದದ್ದು ಇಲ್ಲೇ ಪಾಷಾಣದ ಎಆರ್‌ಡಿಇಯಲ್ಲಿ. 1999ರ ಕಾರ್ಗಿಲ್ ಯುದ್ಧದಲ್ಲಿ ಅದು ಚಳಿಗೆ ಜಾಮ್ ಆಗ್ತದೆ, ಮ್ಯಾಗಜೀನ್ ಬಿರುಕು ಬಿಡ್ತದೆ ಅನ್ನೋ ದೂರು ಬಂತು. ಅಲ್ಲಿ ಬಗ್ ಅಂದ್ರೆ ಒಬ್ಬ ಸೈನಿಕನ ಜೀವ. ಮೇಳದಲ್ಲಿ ಹೊಳೆಯೋ ಲೋಹ ನೋಡುವಾಗ ಇದು ತಲೆಯಲ್ಲಿರಲಿ.

ಕೊನೇದಾಗಿ ಕಾನೂನು. ಇದು ಅಂಗಡಿ ಅಲ್ಲ, ಏನೂ ಕೊಳ್ಳೋಕಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಕೊಳ್ಳೋ ಹಾಗಿಲ್ಲ. 2019ರ ತಿದ್ದುಪಡಿ ಆದ್ಮೇಲೆ ಲೈಸೆನ್ಸ್ ಇದ್ದವರಿಗೂ ಸಾಮಾನ್ಯವಾಗಿ ಎರಡೇ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರೋ ವಿನಾಯಿತಿ ನಮ್ಮೆಲ್ಲರಿಗೂ ಇಲ್ಲ. ಯಾರಾದ್ರೂ ನೆನಪಿಗೆ ಇರಲಿ ಅಂತ ಜೀವಂತ ಕಾಡತೂಸು ಕೈಗಿಟ್ರೆ ಮುಟ್ಟಲೇಬೇಡಿ. ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಸಿಕ್ಕರೆ ಕೇಸು, ಆಮೇಲೆ ಪಾಸ್‌ಪೋರ್ಟು, ವೀಸಾ, ಕೆಲಸ, ಎಲ್ಲಕ್ಕೂ ಕುತ್ತು.

ಗುರುತಿನ ಚೀಟಿ ತಗೊಂಡು ಹೋಗಿ, ಫೋಟೋ ತೆಗೆಯೋ ಮುಂಚೆ ಕೇಳಿ, ಎಂಜಿನಿಯರುಗಳ ಹತ್ರ ಮನಸಾರೆ ಮಾತಾಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.