ಸಿಮ್ ಯಾರ ಹೆಸರಲ್ಲಿದೆ?

ಇಂಡಿ ಇರಲಿ, ಸಿಂದಗಿ ಇರಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯೇ ಇರಲಿ. ಹತ್ತನೇ ಕ್ಲಾಸಿನ ಹುಡುಗಿಯ ಫೋಟೋವನ್ನು ಅಶ್ಲೀಲವಾಗಿ ತಿರುಚಿ, ಜೊತೆಗೆ ಓದೋ ಹುಡುಗರು ವಾಟ್ಸಾಪ್ ಗ್ರೂಪಿಗೆ ಹಾಕಿದರು ಅಂದ್ಕೊಳ್ಳಿ. ದೊಡ್ಡವರು ಏನಂತಾರೆ? "ಹುಡುಗ್ರು, ತಿಳಿವಳಿಕೆ ಇಲ್ಲ ಬಿಡ್ರಿ." ಆಮೇಲೆ? "ಆಕಿಗ್ಯಾಕ ಬೇಕಿತ್ತು ಮೊಬೈಲು?" ಅಲ್ಲಿಗೆ ಪಂಚಾಯ್ತಿ ಮುಗೀತು.

ನೋಡಿ, ನಮ್ಮ ದೇಶದಲ್ಲಿ 18 ತುಂಬದವರಿಗೆ ಸಿಮ್ ಕೊಡೋ ಹಾಗಿಲ್ಲ. ಅಂದ್ಮೇಲೆ ಮಕ್ಕಳ ಕೈಯಲ್ಲಿರೋ ನಂಬರು ಯಾರೋ ದೊಡ್ಡವರ ಹೆಸರಲ್ಲೇ ಇರಬೇಕು. ಅಷ್ಟಕ್ಕೇ ಅವರು ಅಪರಾಧಿಗಳಲ್ಲ. ಆದರೆ "ನಮಗೇನೂ ಗೊತ್ತಿಲ್ಲ" ಅಂತ ಕೈ ತೊಳೆದುಕೊಳ್ಳೋಕಾಗಲ್ಲ.

ಕೆಲವೊಮ್ಮೆ ಕಾಡುವವರೇ ದೊಡ್ಡವರು. 2006ರಲ್ಲಿ ಅಮೆರಿಕದ ಮಿಸೌರಿಯಲ್ಲಿ 13 ವರ್ಷದ ಹುಡುಗಿ ಪ್ರಾಣ ಕಳೆದುಕೊಂಡಳು. ಮೈಸ್ಪೇಸ್‌ನಲ್ಲಿ ಸ್ನೇಹ ಬೆಳೆಸಿ, ಕೊನೆಗೆ ಹೀಯಾಳಿಸಿದ ಆ 'ಹುಡುಗ' ಅಸಲಿಗೆ ಇರಲೇ ಇಲ್ಲ. ನಕಲಿ ಖಾತೆಯ ಹಿಂದಿದ್ದವರಲ್ಲಿ ಅಕ್ಕಪಕ್ಕದ ಮನೆಯ ತಾಯಿಯೊಬ್ಬಳಿದ್ದಳು. 2008ರಲ್ಲಿ ಜ್ಯೂರಿ ಆಕೆಯನ್ನು ತಪ್ಪಿತಸ್ಥೆ ಅಂದಿತು, 2009ರಲ್ಲಿ ನ್ಯಾಯಾಧೀಶರು ಅದನ್ನು ರದ್ದು ಮಾಡಿದರು. ವೆಬ್‌ಸೈಟಿನ ನಿಯಮ ಮುರಿದದ್ದನ್ನೇ ಕ್ರಿಮಿನಲ್ ಅಪರಾಧ ಅನ್ನೋಕಾಗಲ್ಲ ಅನ್ನೋದು ಕಾರಣ.

ನಮ್ಮಲ್ಲಿ ಇಂಥ ಫೋಟೋಗೆ ಐಟಿ ಕಾಯ್ದೆಯ 67ಬಿ ಇದೆ, 2012ರ ಪೋಕ್ಸೋ ಇದೆ. ಪೋಕ್ಸೋ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟ ದೊಡ್ಡವರಿಗೆ ಆರು ತಿಂಗಳವರೆಗೆ ಜೈಲು. ಶಾಲೆಯ ಹೆಸರು ಕೆಡುತ್ತೆ ಅನ್ನೋ ಹೆಡ್‌ಮಾಸ್ತರರಿಗೂ ವಿನಾಯಿತಿ ಇಲ್ಲ.

ತಪ್ಪು ಮಾಡಿದ ಹುಡುಗನನ್ನು ತಿದ್ದೋಕೆ ಬಾಲನ್ಯಾಯ ಮಂಡಳಿ ಇದೆ. ರಾಜಿ ಮಾಡಿಸಿದ ಹಿರಿಯರನ್ನು ತಿದ್ದೋರು ಯಾರು? ಮಗಳನ್ನ ಬೈಬೇಡಿ, ಮೆಸೇಜು ಅಳಿಸ್ಬೇಡಿ. ಠಾಣೆಗೆ ಹೋಗಿ, ಇಲ್ಲಾ 1098ಕ್ಕೆ ಫೋನ್ ಮಾಡಿ.